ನೆರೆ ದೇಶವನ್ನು ಓದಲು ಲಂಡನ್ನಿನ ದಾರಿ

ಲಾಹೋರಿನ ಸಿವಿಲ್ ಸೆಕ್ರೆಟರಿಯೇಟ್ ಆವರಣದೊಳಗೆ ಎಂಟು ಮೂಲೆಯ ಒಂದು ಗೋರಿ ಇದೆ. ಅನಾರ್ಕಲಿಯದು ಎಂದು ಊರವರ ನಂಬಿಕೆ. ಸಿಖ್ಖರ ಆಳ್ವಿಕೆಯಲ್ಲಿ ಅದು ವಾಸದ ಮನೆಯಾಗಿತ್ತು, ಬ್ರಿಟಿಷರು ಬಂದ ಮೇಲೆ ಚರ್ಚ್ ಆಯಿತು, 1891ರಿಂದ ಪಂಜಾಬ್ ಸರಕಾರದ ಹಳೆಯ ಕಡತಗಳ ಭಂಡಾರವಾಗಿದೆ. ಗುಮ್ಮಟದ ಕೆಳಗೆ ಕಟ್ಟುಕಟ್ಟಾಗಿ ಇಟ್ಟಿರುವ ಕಾಗದಗಳಲ್ಲಿ ದೆಹಲಿಯ ಬ್ರಿಟಿಷ್ ರೆಸಿಡೆನ್ಸಿಯ ದಾಖಲೆಗಳೂ ಸೇರಿವೆ. 1857ರ ನಂತರ ದೆಹಲಿಯನ್ನು ಪಂಜಾಬ್ ಆಡಳಿತಕ್ಕೆ ಸೇರಿಸಲಾಯಿತು. ಹಾಗಾಗಿ ಕೊನೆಯ ಮೊಘಲರ ಕಾಲದ ದೆಹಲಿಯ ಕಥೆಯ ಒಂದು ದೊಡ್ಡ ಭಾಗ ಲಾಹೋರಿನಲ್ಲಿದೆ. ಅದೇ ಕಥೆಯ ಇನ್ನೊಂದು ಭಾಗ, 1857ರ ಬಂಡಾಯಗಾರರ ಕಾಗದಪತ್ರಗಳು, ದೆಹಲಿಯ ಜನಪಥದ ರಾಷ್ಟ್ರೀಯ ಪತ್ರಾಗಾರದಲ್ಲಿದೆ.

ದೆಹಲಿಯ ಸಂಶೋಧಕನಿಗೆ ಲಾಹೋರ್ ಬೇಕು, ಲಾಹೋರಿನ ಸಂಶೋಧಕನಿಗೆ ದೆಹಲಿ ಬೇಕು. ಇಬ್ಬರಿಗೂ ವೀಸಾ ಸಿಗುವುದು ಕನಸಿನ ಮಾತು. ಹೀಗಾಗಿ ಅನುಕೂಲವಿದ್ದವರು ಇಬ್ಬರೂ ವಿಮಾನ ಹತ್ತಿ ಲಂಡನ್ನಿಗೆ ಹೋಗುತ್ತಾರೆ. ಸೇಂಟ್ ಪ್ಯಾಂಕ್ರಾಸ್‌ನಲ್ಲಿರುವ ಬ್ರಿಟಿಷ್ ಲೈಬ್ರರಿಯಲ್ಲಿ, ಲಂಡನ್ನಿನಿಂದ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸಿನ ದಾಖಲೆಗಳ ಕಪಾಟುಗಳನ್ನು ಸಾಲಾಗಿ ನಿಲ್ಲಿಸಿದರೆ 14 ಕಿಲೋಮೀಟರ್ ಉದ್ದವಾಗುತ್ತದೆ. ಅಲ್ಲಿನ ಓದುವ ಕೋಣೆಯಲ್ಲಿ ಅಮೃತಸರದವರೂ ಲಾಹೋರಿನವರೂ ಅಕ್ಕಪಕ್ಕದ ಮೇಜಿನಲ್ಲಿ ಕುಳಿತು ಪಂಜಾಬಿನ ಚರಿತ್ರೆಯನ್ನು ಓದುತ್ತಾರೆ. ಅವರ ಊರುಗಳ ನಡುವಿನ ದೂರ ಐವತ್ತು ಕಿಲೋಮೀಟರ್.

ದಕ್ಷಿಣ ಏಷ್ಯಾದ ದೇಶಗಳು ಒಂದನ್ನೊಂದು ಅಭ್ಯಾಸ ಮಾಡುವ ವಿದ್ಯೆ ಇಷ್ಟು ಕಾಲ ನಿಂತದ್ದು ಬಹುಮಟ್ಟಿಗೆ ಪರರ ಹಣದಲ್ಲಿ, ಪರರ ನೆಲದಲ್ಲಿ. ಈಗ ಆ ಹಣ ಬತ್ತುತ್ತಿದೆ. ಅದೇ ಹೊತ್ತಿಗೆ ನಮ್ಮ ಕಡೆಯ ಬಾಗಿಲುಗಳೂ ಒಂದೊಂದಾಗಿ ಮುಚ್ಚುತ್ತಿವೆ. ಇದು ಪ್ರಾಧ್ಯಾಪಕರ ಸಂಕಟ ಮಾತ್ರ ಎಂದು ತಳ್ಳಿಹಾಕುವವರು ಗಂಗೆಯ ನೀರಿನ ಲೆಕ್ಕದವರೆಗೆ ಬಂದು ನೋಡಬೇಕು. ಆ ಲೆಕ್ಕಕ್ಕೆ ಮುಂದೆ ಬರುತ್ತೇನೆ. ಮೊದಲು ಪರರ ಹಣದ ಕಥೆ.

ಪಿ.ಎಲ್. 480 ಎಂದರೆ ಹಿರಿಯರಿಗೆ ನೆನಪಾಗುವುದು ಪಡಿತರದ ಅಂಗಡಿಯ ಅಮೆರಿಕದ ಗೋಧಿ. 1954ರ ಆ ಕಾನೂನಿನ ಪ್ರಕಾರ ಭಾರತ ಗೋಧಿಯ ಬೆಲೆಯನ್ನು ರೂಪಾಯಿಯಲ್ಲೇ ತೀರಿಸಬಹುದಿತ್ತು. ಆ ರೂಪಾಯಿಗಳನ್ನು ಅಮೆರಿಕ ಬಹುಮಟ್ಟಿಗೆ ಇಲ್ಲಿಯೇ ಖರ್ಚು ಮಾಡಬೇಕಿತ್ತು. ರಾಶಿ ಬಿದ್ದ ಹಣವನ್ನು ಏನು ಮಾಡುವುದು? 1958ರ ತಿದ್ದುಪಡಿಯೊಂದು ದಾರಿ ತೋರಿಸಿತು: ಪುಸ್ತಕ ಕೊಳ್ಳಿ. 1962ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಕಚೇರಿ ತೆರೆದು, ಭಾರತದ ಎಲ್ಲ ದೊಡ್ಡ ಭಾಷೆಗಳಲ್ಲಿ ಅಚ್ಚಾದ ಪುಸ್ತಕಗಳನ್ನು ಹಲವು ಪ್ರತಿ ಕೊಂಡು ಶಿಕಾಗೊ, ಫಿಲಡೆಲ್ಫಿಯಾ, ಬರ್ಕ್ಲಿ ಮುಂತಾದ ಕಡೆಯ ವಿಶ್ವವಿದ್ಯಾಲಯಗಳಿಗೆ ಕಳುಹಿಸತೊಡಗಿತು. ಧಾರವಾಡದಲ್ಲೋ ಮೈಸೂರಿನಲ್ಲೋ ಅಚ್ಚಾಗಿ, ಇಲ್ಲಿ ಮರುಮುದ್ರಣ ಕಾಣದೆ ಮಾಯವಾದ ಕನ್ನಡದ ಕಾದಂಬರಿ ಅಲ್ಲಿನ ಕಪಾಟಿನಲ್ಲಿ ಕ್ರಮಸಂಖ್ಯೆಯ ಸಮೇತ ಕುಳಿತಿರುವುದು ಹೀಗೆ. ಪಾಕಿಸ್ತಾನದಲ್ಲಿಯೂ ಇಂಥದೇ ಖರೀದಿ ನಡೆಯಿತು. ಢಾಕಾದ ಬಂಗಾಳಿ ಪುಸ್ತಕ, ಕರಾಚಿಯ ಉರ್ದು ಪತ್ರಿಕೆ, ತಮಿಳಿನ ಕಿರುಹೊತ್ತಿಗೆ ಒಂದೇ ಸೂರಿನಡಿ ಸೇರಿದವು. ದಕ್ಷಿಣ ಏಷ್ಯಾ ಎಂಬುದು ಒಂದೇ ಕಡೆ ಕೈಗೆ ಸಿಗುವಂತಾದದ್ದು ಮಿಷಿಗನ್ ಸರೋವರದ ದಂಡೆಯಲ್ಲಿ. ಅಂಥದೊಂದು ಗ್ರಂಥಾಲಯವನ್ನು ಈ ಭೂಭಾಗದ ಯಾವ ಸರಕಾರವೂ ಕಟ್ಟಲಿಲ್ಲ.

ಅಮೆರಿಕದವರಿಗೆ ನಮ್ಮ ಭಾಷೆಗಳ ಮೇಲೆ ದಿಢೀರನೆ ಪ್ರೀತಿ ಹುಟ್ಟಿತೆಂದು ಯಾರೂ ಭಾವಿಸಬೇಕಿಲ್ಲ. 1957ರ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಮರುವರ್ಷವೇ ಅಮೆರಿಕ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ಮಾಡಿತು. ಅದರ ಆರನೆಯ ಭಾಗ, ಅಂದರೆ ‘ಟೈಟಲ್ 6’, ಪರದೇಶಗಳ ಭಾಷೆ ಮತ್ತು ಸಮಾಜದ ಅಧ್ಯಯನಕ್ಕೆ ಹಣ ಒದಗಿಸಿತು. ಕಾಯ್ದೆಯ ಹೆಸರಿನಲ್ಲೇ ರಕ್ಷಣೆ ಇದೆ, ಮುಚ್ಚುಮರೆ ಏನಿರಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಬ್ರೌನ್ 1948ರಲ್ಲೇ ದಕ್ಷಿಣ ಏಷ್ಯಾ ವಿಭಾಗ ಕಟ್ಟಿದ್ದರು. 1960ರ ದಶಕದಲ್ಲಿ ಎ.ಕೆ. ರಾಮಾನುಜನ್ ಶಿಕಾಗೊ ಸೇರಿದರು. ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ 1962ರಲ್ಲಿ ದಕ್ಷಿಣ ಏಷ್ಯಾ ಸಂಸ್ಥೆ ಹುಟ್ಟಿತು, ಕೇಂಬ್ರಿಜ್‌ನ ಕೇಂದ್ರ 1964ರದು. ಶೀತಲ ಸಮರದ ಹಣ ಬಂದ ಉದ್ದೇಶ ಒಂದಾದರೆ ಅದರಿಂದ ಬೆಳೆದದ್ದು ಇನ್ನೊಂದು. ಬೇಹುಗಾರಿಕೆಗೆ ಕಾಸಿನ ಉಪಯೋಗವಿಲ್ಲದ ವಚನ, ಪದ, ಜಾತ್ರೆ, ಕುಲಕಸುಬುಗಳ ಮೇಲೆ ಜೀವಮಾನವಿಡೀ ಕೂತು ಬರೆದವರು ಆ ಹಣದಲ್ಲೇ ಓದಿದವರು.

ಆದರೂ ಅನುಮಾನಕ್ಕೆ ಕಾರಣವಿತ್ತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಹಿಮಾಲಯದ ಗಡಿನಾಡುಗಳ ಬಗ್ಗೆ ನಡೆಸುತ್ತಿದ್ದ ಸಂಶೋಧನೆಗೆ ಅಮೆರಿಕದ ರಕ್ಷಣಾ ಇಲಾಖೆಯ ಹಣ ಸಂದಿದೆ ಎಂಬುದು 1968ರಲ್ಲಿ ಬಯಲಾದಾಗ ದೆಹಲಿಯಲ್ಲಿ ದೊಡ್ಡ ಗದ್ದಲವಾಯಿತು. 1962ರ ಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ಕಾಲ. ಗಡಿಯ ಹಳ್ಳಿಗಳಲ್ಲಿ ತಿರುಗಾಡುವ ವಿದೇಶಿ ಮಾನವಶಾಸ್ತ್ರಜ್ಞ ಯಾರ ಕಡೆಯವನು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ವಿದೇಶಿ ಸಂಶೋಧಕರಿಗೆ ಸರಕಾರದ ಪೂರ್ವಾನುಮತಿ, ವಿಷಯದ ತಪಾಸಣೆ, ತಿಂಗಳುಗಟ್ಟಲೆ ಕಾಯುವಿಕೆ ಇವೆಲ್ಲ ಬಿಗಿಯಾದದ್ದು ಅಂಥ ಅನುಮಾನದಿಂದ. ಅಮೆರಿಕದವನಿಗೆಂದು ಕಟ್ಟಿದ ಬೇಲಿ ಅರ್ಧ ಶತಮಾನ ಕಳೆದರೂ ಉಳಿದುಕೊಂಡಿದೆ. ಹಣ, ಸಂಸ್ಥೆ, ರಾಯಭಾರ ಕಚೇರಿಯ ಬೆಂಬಲ ಇರುವ ಅಮೆರಿಕದವನು ಹೇಗೋ ದಾಟಿ ಬರುತ್ತಾನೆ, ಬಾಂಗ್ಲಾದೇಶದ ರಾಜಶಾಹಿ ಊರಿನ ಬಡ ವಿದ್ಯಾರ್ಥಿ ಆಚೆಯೇ ನಿಲ್ಲುತ್ತಾನೆ.

ಈಗ ಹಣದ ಮೂಲವೇ ಕೈಕೊಡುತ್ತಿದೆ. ಟೈಟಲ್ 6ರ ಅನುದಾನವನ್ನು 2011ರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಲಾಯಿತು. 2025ರ ಮಾರ್ಚ್‌ನಲ್ಲಿ ಅಮೆರಿಕದ ಶಿಕ್ಷಣ ಇಲಾಖೆಯಲ್ಲಿ ನಡೆದ ಸಾಮೂಹಿಕ ವಜಾದಲ್ಲಿ ಈ ಯೋಜನೆಯನ್ನು ನೋಡಿಕೊಳ್ಳುತ್ತಿದ್ದ ಕಚೇರಿ ಖಾಲಿಯಾಯಿತು. ಅದೇ ಸೆಪ್ಟೆಂಬರಿನಲ್ಲಿ ಅಧ್ಯಯನ ಕೇಂದ್ರಗಳ ಮತ್ತು ಭಾಷಾ ವಿದ್ಯಾರ್ಥಿವೇತನಗಳ ಅನುದಾನ ಮುಂದುವರಿಯುವುದಿಲ್ಲ ಎಂಬ ಪತ್ರ ವಿಶ್ವವಿದ್ಯಾಲಯಗಳ ಕೈ ಸೇರಿತು. ವಾಷಿಂಗ್ಟನ್ನಿನ ವಿಲ್ಸನ್ ಸೆಂಟರ್ ಎಂಬ ಅಧ್ಯಯನ ಸಂಸ್ಥೆಯ ಬಹುತೇಕ ಸಿಬ್ಬಂದಿಯನ್ನು ಏಪ್ರಿಲ್‌ನಲ್ಲೇ ರಜೆಯ ಮೇಲೆ ಕಳುಹಿಸಲಾಗಿತ್ತು. ಯುರೋಪಿನಲ್ಲೂ ವಿದ್ಯಾರ್ಥಿಗಳು ಕಡಿಮೆ ಇರುವ ಭಾಷೆಗಳ ಮೇಲೆಯೇ ಮೊದಲು ಕತ್ತರಿ ಬೀಳುತ್ತಿದೆ. ಒಬ್ಬ ಅಧ್ಯಾಪಕ ನಿವೃತ್ತನಾದರೆ ಆ ಭಾಷೆಯೇ ಆ ವಿಶ್ವವಿದ್ಯಾಲಯದಿಂದ ನಿವೃತ್ತಿಯಾಗುತ್ತದೆ.

ಪಶ್ಚಿಮದ ವಿದ್ವಾಂಸರು ನಮ್ಮ ಬಗ್ಗೆ ಅಧಿಕಾರವಾಣಿಯಲ್ಲಿ ಮಾತನಾಡುವುದನ್ನು ಕಂಡು ಮೂಗು ಮುರಿಯುತ್ತಿದ್ದವರಿಗೆ ಇದರಿಂದ ಸಂತೋಷವಾಗಬಹುದು. ಅವರು ಬಿಟ್ಟ ಜಾಗವನ್ನು ನಾವು ತುಂಬುವಂತಿದ್ದರೆ ನನಗೂ ಸಂತೋಷವೇ. ಆದರೆ ಇಲ್ಲಿನ ಸ್ಥಿತಿ ನೋಡಿ. 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಹುಟ್ಟಿದ ಸಾರ್ಕ್, ಅಂದರೆ ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ, ಕೊನೆಯ ಶೃಂಗಸಭೆ ನಡೆಸಿದ್ದು 2014ರ ನವೆಂಬರಿನಲ್ಲಿ, ಕಠ್ಮಂಡುವಿನಲ್ಲಿ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಿದ್ದ ಸಭೆ ಕಾಶ್ಮೀರದ ಉರಿ ಸೇನಾ ನೆಲೆಯ ಮೇಲಿನ ದಾಳಿಯ ನಂತರ ರದ್ದಾಯಿತು, ಆಮೇಲೆ ಸಭೆ ನಡೆಯಲೇ ಇಲ್ಲ. 1992ರಿಂದ ನಡೆದುಬಂದ ಸಾರ್ಕ್ ವೀಸಾ ವಿನಾಯಿತಿಯನ್ನು ಪಹಲ್ಗಾಮ್ ದಾಳಿಯ ಮರುದಿನ, 2025ರ ಏಪ್ರಿಲ್ 23ರಂದು, ಭಾರತ ಪಾಕಿಸ್ತಾನಿಯರಿಗೆ ನಿಲ್ಲಿಸಿತು.

ಸಾರ್ಕ್‌ನ ಒಂದು ಕೂಸು ಇನ್ನೂ ಉಸಿರಾಡುತ್ತಿದೆ, ಅದು ದೆಹಲಿಯ ಸೌತ್ ಏಷ್ಯನ್ ಯೂನಿವರ್ಸಿಟಿ. 2005ರ ಢಾಕಾ ಶೃಂಗಸಭೆಯಲ್ಲಿ ಮನಮೋಹನ್ ಸಿಂಗ್ ಇಟ್ಟ ಪ್ರಸ್ತಾವ, 2007ರಲ್ಲಿ ಎಂಟು ದೇಶಗಳ ಒಪ್ಪಂದವಾಗಿ, 2010ರಲ್ಲಿ ದೆಹಲಿಯ ತಾತ್ಕಾಲಿಕ ಕೋಣೆಗಳಲ್ಲಿ ತರಗತಿಯಾಯಿತು. ಕಟ್ಟಡದ ಪೂರ್ತಿ ಖರ್ಚು ಭಾರತದ್ದು, ನಡೆಸುವ ಖರ್ಚಿನಲ್ಲೂ ಅರ್ಧಕ್ಕಿಂತ ಹೆಚ್ಚು ಪಾಲು ಭಾರತದ್ದೇ. ಮೈದಾನ್ ಗಢಿಯಲ್ಲಿ ಸುಮಾರು ನೂರು ಎಕರೆಯ ಸ್ವಂತ ಆವರಣಕ್ಕೆ 2023ರಲ್ಲಿ ಸ್ಥಳಾಂತರವಾಯಿತು. ಕಲ್ಪನೆ ದೊಡ್ಡದು: ಕಾಬೂಲಿನವಳೂ ಕ್ಯಾಂಡಿಯವನೂ ಒಂದೇ ಹಾಸ್ಟೆಲಿನಲ್ಲಿದ್ದು ಒಂದೇ ಪದವಿ ಪಡೆಯಬೇಕು, ಆ ಪದವಿಗೆ ಎಂಟೂ ದೇಶಗಳಲ್ಲಿ ಮಾನ್ಯತೆ ಇರಬೇಕು. ಮೊದಲ ವರ್ಷಗಳಲ್ಲಿ ಇದು ಬಹುಮಟ್ಟಿಗೆ ನಡೆಯಿತು ಕೂಡ. ಅದೇ ಸಂಸ್ಥೆಯಲ್ಲಿ 2024ರಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಾಶ್ಮೀರದ ಜನಜೀವನ ಮತ್ತು ರಾಜಕೀಯದ ಬಗ್ಗೆ ವಿದ್ಯಾರ್ಥಿಯೊಬ್ಬ ಪಿಎಚ್‌ಡಿಗೆ ಸಲ್ಲಿಸಿದ ಪ್ರಸ್ತಾವದಲ್ಲಿ ನೋಮ್ ಚಾಮ್ಸ್ಕಿಯವರ ಸಂದರ್ಶನವೊಂದರ ಉಲ್ಲೇಖವಿತ್ತು, ಅದರಲ್ಲಿ ಪ್ರಧಾನಿ ಮೋದಿಯವರ ಟೀಕೆ ಇತ್ತು. ವಿದ್ಯಾರ್ಥಿಗೆ ನೋಟಿಸ್ ಹೋಯಿತು, ಅವನು ಕ್ಷಮೆ ಕೇಳಿದ. ಮಾರ್ಗದರ್ಶಕರಾಗಿದ್ದ ಶ್ರೀಲಂಕಾದ ಮಾನವಶಾಸ್ತ್ರಜ್ಞ ಸಶಾಂಕ ಪೆರೇರಾ ಅವರ ಮೇಲೂ ವಿಚಾರಣೆ ಶುರುವಾಯಿತು. ಆ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದವರಲ್ಲಿ ಮೊದಲಿಗರಾದ ಅವರು ಸಂಸ್ಥೆಯನ್ನೇ ಬಿಟ್ಟು ಹೋದರು. ಅದಿನ್ನೂ ಪ್ರಬಂಧವಲ್ಲ, ಬರೆಯಲು ಅನುಮತಿ ಕೇಳುವ ಪ್ರಸ್ತಾವ. ಎಂಟು ದೇಶಗಳ ಹೆಸರು ಹೊತ್ತ ಸಂಸ್ಥೆಯಲ್ಲಿ ಒಂದು ದೇಶದ ಸರಕಾರದ ಟೀಕೆ ಶಿಸ್ತಿನ ವಿಷಯವಾದರೆ ಉಳಿದ ಏಳು ದೇಶಗಳ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಏನು ಕಲಿಯಬೇಕು?

ವಿಚಾರ ಸಂಕಿರಣಗಳದ್ದು ಇನ್ನೊಂದು ಕಥೆ. 2018ರ ಜುಲೈನಲ್ಲಿ ಏಷ್ಯಾ ಅಧ್ಯಯನಗಳ ಅಂತರರಾಷ್ಟ್ರೀಯ ಸಂಘವೊಂದು ಅಶೋಕ ವಿಶ್ವವಿದ್ಯಾಲಯದ ಜೊತೆಗೂಡಿ ದೆಹಲಿಯಲ್ಲಿ ಸಮ್ಮೇಳನ ನಡೆಸಿತು. ಪಾಕಿಸ್ತಾನದ ವಿದ್ವಾಂಸರಿಗೆ ಒಪ್ಪಿಗೆ ಇಲ್ಲವೆಂದು ವಿದೇಶಾಂಗ ಸಚಿವಾಲಯ ತಿಂಗಳುಗಳ ಹಿಂದೆಯೇ ಬರೆದಿತ್ತು. ಬೇರೆ ದೇಶಗಳಲ್ಲಿ ನೆಲೆಸಿದ ಪಾಕಿಸ್ತಾನ ಮೂಲದವರಿಗೂ ಅದೇ ಅನ್ವಯ. ಸಮ್ಮೇಳನದ ಆಶಯವಾಕ್ಯ ‘ಚಲನೆಯಲ್ಲಿರುವ ಏಷ್ಯಾ’ ಎಂದಿತ್ತು. ಹೀಗೆಂದು ನಗೆಲೇಖನದಲ್ಲಿ ಬರೆದರೆ ಅತಿಯಾಯಿತು ಎನ್ನುತ್ತಿದ್ದರು. ಕೊರೊನಾ ಕಾಲದಲ್ಲಿ ಎಲ್ಲರೂ ವೀಡಿಯೊ ಸಭೆಗೆ ಹೊರಳಿದಾಗ, ವೀಸಾ ಬೇಡದ ದಾರಿಯೊಂದು ತೆರೆಯಿತು ಎನಿಸಿತ್ತು. 2021ರ ಜನವರಿಯಲ್ಲಿ ಬಂದ ಸರಕಾರಿ ಸುತ್ತೋಲೆ ಅದಕ್ಕೂ ಬೀಗ ಹಾಕಿತು: ದೇಶದ ಭದ್ರತೆ, ಗಡಿ, ಈಶಾನ್ಯ ರಾಜ್ಯಗಳು, ಜಮ್ಮು–ಕಾಶ್ಮೀರ, ಲಡಾಖ್ ಅಥವಾ ಭಾರತದ ಆಂತರಿಕ ವಿಷಯಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಆನ್‌ಲೈನ್ ಸಭೆಗೆ ಸರಕಾರಿ ಸಂಸ್ಥೆಗಳು ಮುಂಚಿತವಾಗಿ ಅನುಮತಿ ಪಡೆಯಬೇಕು. ಬೆಂಗಳೂರಿನಲ್ಲಿ ನೆಲೆಯಿರುವ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿದಂತೆ ವಿಜ್ಞಾನಿಗಳು ಪ್ರತಿಭಟಿಸಿದ ಮೇಲೆ ಫೆಬ್ರವರಿಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಸುತ್ತೋಲೆ ಹಿಂದಕ್ಕೆ ಹೋಯಿತು, ಕುಲಸಚಿವರುಗಳ ಮನಸ್ಸಿನಲ್ಲಿ ಅದು ಬಿತ್ತಿದ ಅಂಜಿಕೆ ಉಳಿಯಿತು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅನುಮತಿ ಬೇಕೇ ಬೇಡವೇ ಎಂಬ ಅನುಮಾನ ಬಂದರೆ ಸಭೆಯನ್ನೇ ಕೈಬಿಡುವುದು ವಾಡಿಕೆ.

ಹೊರಗಿನಿಂದ ಬಂದವರನ್ನು ವಿಮಾನ ನಿಲ್ದಾಣದಿಂದಲೇ ತಿರುಗಿ ಕಳುಹಿಸಿದ ಪ್ರಸಂಗಗಳೂ ಹೆಚ್ಚಿವೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೇರಳದ ಬಗ್ಗೆ ಕೆಲಸ ಮಾಡಿದ ಬ್ರಿಟನ್ನಿನ ಮಾನವಶಾಸ್ತ್ರಜ್ಞ ಫಿಲಿಪ್ಪೊ ಒಸೆಲ್ಲಾ ಅವರನ್ನು 2022ರ ಮಾರ್ಚ್‌ನಲ್ಲಿ ತಿರುವನಂತಪುರದಿಂದ ಹಿಂದಿರುಗಿಸಲಾಯಿತು. ಅವರು ಬಂದದ್ದು ಕರಾವಳಿಯ ಜನಸಮುದಾಯಗಳ ಬಗೆಗಿನ ಸಭೆಗೆ. 2024ರ ಫೆಬ್ರವರಿಯಲ್ಲಿ ಲಂಡನ್ನಿನ ಪ್ರಾಧ್ಯಾಪಕಿ ನಿತಾಶಾ ಕೌಲ್ ಬೆಂಗಳೂರಿಗೆ ಬಂದಿಳಿದರು, ಸಂವಿಧಾನದ ಕುರಿತ ಸಮಾವೇಶಕ್ಕೆ ಅವರನ್ನು ಕರೆದದ್ದು ಕರ್ನಾಟಕ ಸರಕಾರವೇ. ರಾಜ್ಯ ಸರಕಾರದ ಆಮಂತ್ರಣಪತ್ರ ಕೈಯಲ್ಲಿದ್ದರೂ ದೇವನಹಳ್ಳಿಯ ನಿಲ್ದಾಣದಿಂದ ಹೊರಗೆ ಕಾಲಿಡಲು ಆಗಲಿಲ್ಲ. ಹಿಂದಿ ಸಾಹಿತ್ಯವನ್ನು ಜೀವನದುದ್ದಕ್ಕೂ ಓದಿ ಕಲಿಸಿದ ಲಂಡನ್ನಿನ ಫ್ರಾಂಚೆಸ್ಕಾ ಒರ್ಸಿನಿ ಅವರ ಸರದಿ 2025ರ ಅಕ್ಟೋಬರಿನಲ್ಲಿ ಬಂತು. ಹಿಂದಿನ ಭೇಟಿಗಳಲ್ಲಿ ವೀಸಾ ಷರತ್ತು ಮುರಿದಿದ್ದರು ಎಂದು ಸರಕಾರಿ ಮೂಲಗಳು ಹೇಳಿದವು. ಇರಬಹುದು. ಷರತ್ತುಗಳನ್ನು ಎಷ್ಟು ಬಿಗಿಯಾಗಿ ಬರೆದಿದ್ದಾರೆಂದರೆ, ಪ್ರವಾಸಕ್ಕೆಂದು ಬಂದವರು ಗ್ರಂಥಾಲಯ ಹೊಕ್ಕರೂ ತಪ್ಪಾಗಬಹುದು. ಇವರೆಲ್ಲ ಪಶ್ಚಿಮದ ವಿಶ್ವವಿದ್ಯಾಲಯಗಳವರಾದ್ದರಿಂದ ಸುದ್ದಿಯಾದರು. ವೀಸಾ ಅರ್ಜಿಗೆ ಉತ್ತರವೇ ಬಾರದ ಢಾಕಾದ ಅಧ್ಯಾಪಕನ ಬಗ್ಗೆ ಯಾರು ಬರೆಯುತ್ತಾರೆ?

ನೆರೆಯವರು ಇದರಲ್ಲಿ ನಮಗಿಂತ ಮೇಲೆಂದು ಹೇಳುವಂತಿಲ್ಲ. ಲಾಹೋರಿನ ಹೆಸರಾಂತ ವಿಶ್ವವಿದ್ಯಾಲಯವೊಂದು 2015ರ ಏಪ್ರಿಲ್‌ನಲ್ಲಿ ಬಲೂಚಿಸ್ತಾನದ ಬಗೆಗಿನ ಚರ್ಚೆಯನ್ನು ಸರಕಾರದ ಒತ್ತಡಕ್ಕೆ ಮಣಿದು ರದ್ದು ಮಾಡಿತು. ಆ ಚರ್ಚೆಗೆ ಕರಾಚಿಯ ತಮ್ಮ ಸಭಾಂಗಣದಲ್ಲಿ ಜಾಗ ಕೊಟ್ಟ ಸಬೀನ್ ಮಹಮೂದ್ ಅದೇ ರಾತ್ರಿ ಮನೆಗೆ ಹೋಗುವಾಗ ಗುಂಡಿಗೆ ಬಲಿಯಾದರು. ಇಡೀ ದಕ್ಷಿಣ ಏಷ್ಯಾವನ್ನು ಒಂದೆಂದು ಕಂಡು ಬರೆಯುತ್ತಿದ್ದ ‘ಹಿಮಾಲ್’ ಪತ್ರಿಕೆ ಅಧಿಕಾರಿಗಳ ಅಸಹಕಾರದಿಂದ 2016ರಲ್ಲಿ ಕಠ್ಮಂಡುವಿನಲ್ಲಿ ಕದ ಮುಚ್ಚಿ, 2018ರಲ್ಲಿ ಕೊಲಂಬೊದಲ್ಲಿ ಮತ್ತೆ ತೆರೆಯಬೇಕಾಯಿತು. ಬಾಂಗ್ಲಾದೇಶದ 2018ರ ಡಿಜಿಟಲ್ ಭದ್ರತಾ ಕಾಯ್ದೆ ಅಲ್ಲಿನ ಬರಹಗಾರರನ್ನು ಜೈಲಿಗೆ ಕಳುಹಿಸಿದ್ದು ಗೊತ್ತೇ ಇದೆ. ಆದರೂ ನನ್ನ ದೂರು ಭಾರತದ ಮೇಲೆಯೇ ಹೆಚ್ಚು. ದಕ್ಷಿಣ ಏಷ್ಯಾದೊಳಗೆ ನೇಪಾಳ, ಭೂತಾನ್, ಬಾಂಗ್ಲಾದೇಶಗಳ ಗಡಿ ತಾಗುವುದು ನಮಗೆ ಮಾತ್ರ. ಢಾಕಾದವನು ಕಠ್ಮಂಡುವಿಗೆ ಹೋಗುವ ನೆಲದ ದಾರಿ ನಮ್ಮ ಮೂಲಕ. ನಡುವಿನವನು ಕದ ಹಾಕಿದರೆ ಎಲ್ಲರ ದಾರಿಯೂ ಮುಚ್ಚಿತು.

ವೀಸಾ ಒಂದನ್ನೇ ಬೈದು ಕೈ ತೊಳೆದುಕೊಳ್ಳುವುದು ಮಾತ್ರ ಪ್ರಾಮಾಣಿಕವಲ್ಲ. ನೇಪಾಳಕ್ಕೆ ಹೋಗಲು ಭಾರತೀಯರಿಗೆ ವೀಸಾ ಬೇಡ, 1950ರ ಒಪ್ಪಂದದಿಂದ ಇಂದಿನವರೆಗೂ ಬೇಡ. ಅಲ್ಲಿನ ಭಾಷೆ ದೇವನಾಗರಿ ಲಿಪಿಯಲ್ಲಿದೆ, ನಮ್ಮ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲೂ ಇದೆ. ಶ್ರೀಲಂಕಾಕ್ಕೆ ಹೋಗುವುದೂ ಕಷ್ಟವಲ್ಲ. ಹಾಗಿದ್ದರೆ ಭಾರತದ ವಿಶ್ವವಿದ್ಯಾಲಯಗಳಲ್ಲಿ ನೇಪಾಳ ತಜ್ಞರು, ಸಿಂಹಳ ಬಲ್ಲವರು ತುಂಬಿ ತುಳುಕಬೇಕಿತ್ತು. ಹುಡುಕಿದರೂ ಸಿಗುವವರು ಬೆರಳೆಣಿಕೆ. ಕಾರಣ ಬಲು ಸರಳ: ನೆಲ್ಸನ್ ಮಂಡೇಲಾರ ದೇಶವನ್ನೋ ಅಮೆರಿಕದ ವಿದೇಶಾಂಗ ನೀತಿಯನ್ನೋ ಓದಿದವನಿಗೆ ಸಿಗುವ ಗೌರವ ಜನಕಪುರದ ಸ್ಥಳೀಯ ರಾಜಕೀಯವನ್ನು ಓದಿದವಳಿಗೆ ಸಿಗುವುದಿಲ್ಲ. ನೌಕರಿಯ ಜಾಹೀರಾತು ಬರುವುದು ರಾಜ್ಯಶಾಸ್ತ್ರಕ್ಕೆ, ಇತಿಹಾಸಕ್ಕೆ, ಅದರೊಳಗೆ ನೇಪಾಳ ಎಂಬ ಖಾನೆ ಇಲ್ಲ. ಸಂದರ್ಶನದಲ್ಲಿ ಕೇಳುವ ಮೊದಲ ಪ್ರಶ್ನೆ, ಇದರಿಂದ ನಮ್ಮ ಸಿಲಬಸ್‌ಗೆ ಏನು ಉಪಯೋಗ ಎಂದು. ಹೊರದೇಶಗಳಲ್ಲೂ ದಕ್ಷಿಣ ಏಷ್ಯಾ ಎಂಬ ಫಲಕದ ಹಿಂದೆ ಮುಕ್ಕಾಲು ಪಾಲು ಭಾರತವೇ ಇರುತ್ತದೆ, ಮಾಲ್ಡೀವ್ಸ್, ಭೂತಾನ್ ಅಡಿಟಿಪ್ಪಣಿಗಳಾಗಿ ಬರುತ್ತವೆ. ದೊಡ್ಡ ದೇಶಕ್ಕೆ ತನ್ನನ್ನು ತಾನು ನೋಡಿಕೊಳ್ಳುವುದರಲ್ಲೇ ಹೊತ್ತು ಕಳೆಯುತ್ತದೆ.

ಆರಂಭ ಹೀಗಿರಲಿಲ್ಲ ಎಂಬುದನ್ನೂ ಹೇಳಬೇಕು. ಸ್ವಾತಂತ್ರ್ಯಕ್ಕೆ ಮೊದಲೇ, 1947ರ ಮಾರ್ಚ್–ಏಪ್ರಿಲ್‌ನಲ್ಲಿ, ದೆಹಲಿಯಲ್ಲಿ ಏಷ್ಯಾ ಸಂಬಂಧಗಳ ಸಮ್ಮೇಳನ ನಡೆದಿತ್ತು. ಅದನ್ನು ಕರೆದದ್ದು ಸರಕಾರವಲ್ಲ, ವಿಶ್ವ ವ್ಯವಹಾರಗಳ ಭಾರತೀಯ ಪರಿಷತ್ತು ಎಂಬ ವಿದ್ವತ್ ಸಂಸ್ಥೆ. 1955ರಲ್ಲಿ ಅದೇ ಪರಿಷತ್ತಿನ ಮಡಿಲಲ್ಲಿ ಅಂತರರಾಷ್ಟ್ರೀಯ ಅಧ್ಯಯನ ಶಾಲೆ ಹುಟ್ಟಿ 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವನ್ನು ಸೇರಿತು. 1960ರ ದಶಕದಲ್ಲಿ ಯುಜಿಸಿ ಪ್ರದೇಶ ಅಧ್ಯಯನ ಯೋಜನೆ ಆರಂಭಿಸಿ ಜೈಪುರಕ್ಕೆ ದಕ್ಷಿಣ ಏಷ್ಯಾ, ತಿರುಪತಿಗೆ ಆಗ್ನೇಯ ಏಷ್ಯಾ ಎಂದು ಹಂಚಿತು. ಕಾಗದದ ಮೇಲೆ ಒಳ್ಳೆಯ ಯೋಜನೆ. ಭಾಷೆ ಕಲಿಸುವುದಕ್ಕೂ, ಆ ದೇಶದಲ್ಲಿ ವರ್ಷವಿಡೀ ಇದ್ದು ಬರುವುದಕ್ಕೂ ಸಾಕಷ್ಟು ಹಣ ಇಡಲಿಲ್ಲ. ದೆಹಲಿಯಲ್ಲಿ ಕುಳಿತು ಇಂಗ್ಲಿಷ್ ಪತ್ರಿಕೆಗಳ ತುಣುಕು ಕತ್ತರಿಸಿ ಪಾಕಿಸ್ತಾನ ತಜ್ಞರಾಗುವ ಪದ್ಧತಿ ಬೆಳೆಯಿತು. ಕಾಲ ಸರಿದಂತೆ ನೆರೆ ದೇಶಗಳ ವಿಷಯವನ್ನು ನಿವೃತ್ತ ರಾಯಭಾರಿಗಳಿಗೂ ನಿವೃತ್ತ ಸೇನಾಧಿಕಾರಿಗಳಿಗೂ ಬಿಟ್ಟುಕೊಡಲಾಯಿತು. ಅವರ ಅನುಭವ ದೊಡ್ಡದೇ. ಆದರೆ ಅವರು ಆ ದೇಶದ ಸರಕಾರವನ್ನು ಬಲ್ಲವರು, ಸಮಾಜವನ್ನಲ್ಲ. 2022ರ ಜುಲೈನಲ್ಲಿ ಶ್ರೀಲಂಕಾದ ಗೊಟಬಯ ರಾಜಪಕ್ಸ ಓಡಿಹೋದರು, 2024ರ ಆಗಸ್ಟ್ 5ರಂದು ಬಾಂಗ್ಲಾದೇಶದ ಶೇಖ್ ಹಸೀನಾ ದೆಹಲಿಯ ಬಳಿ ಬಂದಿಳಿದರು, 2025ರ ಸೆಪ್ಟೆಂಬರ್ 9ರಂದು ನೇಪಾಳದ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಮೂರೂ ಸಲ ನಮ್ಮ ಟಿವಿ ಚರ್ಚೆಗಳು ಕೇಳಿದ್ದು ಇದರ ಹಿಂದೆ ಯಾವ ದೇಶದ ಕೈವಾಡ ಎಂದು. ಢಾಕಾದ ವಿದ್ಯಾರ್ಥಿಗಳಿಗೆ ಸರಕಾರಿ ನೌಕರಿಯ ಮೀಸಲಾತಿ ಏಕೆ ಅಷ್ಟು ಉರಿಯುವ ವಿಷಯವಾಯಿತು ಎಂದು ಹೇಳಬಲ್ಲವರನ್ನು ಪರದೆಯ ಮೇಲೆ ಕರೆತರಲು ಬಹಳ ದಿನ ಬೇಕಾಯಿತು.

ವೈರ ಇರುವಲ್ಲಿ ವಿದ್ವತ್ತಿನ ವಿನಿಮಯ ಆಗದು ಎನ್ನುವವರಿಗೆ ಆಗ್ನೇಯ ಏಷ್ಯಾದತ್ತ ಕೈ ತೋರಿಸಬಹುದು. ಇಂಡೋನೇಷ್ಯಾ ಮತ್ತು ಮಲೇಷ್ಯಾ 1963ರಿಂದ 1966ರವರೆಗೆ ಕಾದಾಡಿದವು. 1967ರಲ್ಲಿ ಆಸಿಯಾನ್ ಹುಟ್ಟಿತು, 1968ರಲ್ಲಿ ಪುಟ್ಟ ಸಿಂಗಪುರ ಸಂಸತ್ತಿನ ಕಾಯ್ದೆ ಮಾಡಿ ಆಗ್ನೇಯ ಏಷ್ಯಾ ಅಧ್ಯಯನ ಸಂಸ್ಥೆಯನ್ನು ತೆರೆಯಿತು. ಜಕಾರ್ತಾದವರೂ ಹನೋಯಿಯವರೂ ಬಂದು ಕುಳಿತು ಬರೆಯುವ ಜಾಗ ಅದು. ಸಿಂಗಪುರಕ್ಕೆ ಇದರಲ್ಲಿ ಪರೋಪಕಾರವೇನಿಲ್ಲ. ಸುತ್ತಲಿನವರ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯದೆ ಬದುಕಲಾಗದ ಸಣ್ಣ ದೇಶದ ಲೆಕ್ಕಾಚಾರ.

ಇನ್ನು ಗಂಗೆಯ ಲೆಕ್ಕ. 1975ರಲ್ಲಿ ಫರಕ್ಕಾ ಬ್ಯಾರೇಜು ಚಾಲೂ ಆಯಿತು. ಕೋಲ್ಕತ್ತಾ ಬಂದರಿನ ಹೂಳು ತೊಳೆಯಲು 40,000 ಕ್ಯೂಸೆಕ್ ನೀರನ್ನು ಹೂಗ್ಲಿಗೆ ತಿರುಗಿಸುವುದು ಉದ್ದೇಶ. ಬೇಸಿಗೆಯಲ್ಲಿ ಅಷ್ಟು ನೀರು ತೆಗೆದರೆ ಕೆಳಗಿನ ಬಾಂಗ್ಲಾದೇಶಕ್ಕೆ ಏನು ಉಳಿಯುತ್ತದೆ? 1977ರಲ್ಲಿ ಐದು ವರ್ಷದ ಒಪ್ಪಂದವಾಯಿತು, ಆಮೇಲೆ ತಾತ್ಕಾಲಿಕ ಏರ್ಪಾಡುಗಳು, 1988ರ ನಂತರ ಅದೂ ಇಲ್ಲ. ಸರಕಾರಗಳ ಮಾತು ಮುಂದೆ ಸಾಗದಿದ್ದ ಆ ವರ್ಷಗಳಲ್ಲಿ ದೆಹಲಿ, ಢಾಕಾ, ಕಠ್ಮಂಡುವಿನ ಮೂರು ಅಧ್ಯಯನ ಸಂಸ್ಥೆಗಳು ಒಟ್ಟಾಗಿ ಕುಳಿತವು. ದೆಹಲಿಯಿಂದ ಪತ್ರಕರ್ತ ಬಿ.ಜಿ. ವರ್ಗೀಸ್, ಢಾಕಾದಿಂದ ಅರ್ಥಶಾಸ್ತ್ರಜ್ಞ ಕಾಜಿ ಖಲೀಕುಜ್ಜಮಾನ್ ಅಹ್ಮದ್ ಅಂಥವರು ಪೂರ್ವ ಹಿಮಾಲಯದ ನದಿಗಳನ್ನು ಒಂದೇ ಕೊಳ್ಳವೆಂದು ಭಾವಿಸಿ ಅಧ್ಯಯನ ನಡೆಸಿದರು. ಸರಕಾರದ ಪ್ರತಿನಿಧಿಗಳಲ್ಲದ ಕಾರಣ ಯಾರೂ ಯಾರಿಗೂ ಸೋಲಬೇಕಿರಲಿಲ್ಲ. 1996ರ ಡಿಸೆಂಬರ್ 12ರಂದು ಎಚ್.ಡಿ. ದೇವೇಗೌಡ ಮತ್ತು ಶೇಖ್ ಹಸೀನಾ ದೆಹಲಿಯಲ್ಲಿ ಮೂವತ್ತು ವರ್ಷಗಳ ಗಂಗಾ ಒಪ್ಪಂದಕ್ಕೆ ಸಹಿ ಹಾಕಿದರು. ಹಾಸನದ ರೈತಾಪಿ ಕುಟುಂಬದಿಂದ ಬಂದ ಪ್ರಧಾನಿಗೆ ನೀರಿನ ಜಗಳ ಹೊಸದಾಗಿರಲಿಲ್ಲ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರ ಒಪ್ಪಿಗೆ, ವಿದೇಶಾಂಗ ಸಚಿವ ಗುಜ್ರಾಲರ ನೀತಿ ಎಲ್ಲವೂ ಸೇರಿ ಆದ ಕೆಲಸ ಅದು. ಆದರೆ ಎರಡೂ ಕಡೆಯವರು ಒಂದೇ ಭಾಷೆಯಲ್ಲಿ ಲೆಕ್ಕ ಹಾಕುವ ಹದಕ್ಕೆ ಬಂದಿದ್ದರಲ್ಲಿ ಆ ವಿದ್ವಾಂಸರ ಪಾಲು ಸಣ್ಣದಲ್ಲ.

ಒಪ್ಪಂದದ ಸೂತ್ರ ಹೀಗಿದೆ. ಜನವರಿ 1ರಿಂದ ಮೇ 31ರವರೆಗೆ ಹತ್ತು ಹತ್ತು ದಿನಗಳ ಕಂತು. ಫರಕ್ಕಾದಲ್ಲಿ 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಹರಿದರೆ ಸಮಪಾಲು. 70,000ದಿಂದ 75,000ದವರೆಗೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕೂ ಮೇಲಾದರೆ ಭಾರತಕ್ಕೆ 40,000, ಉಳಿದದ್ದು ಅವರಿಗೆ. ಮಾರ್ಚ್ 11ರಿಂದ ಮೇ 10ರವರೆಗಿನ ಕಡುಬೇಸಿಗೆಯಲ್ಲಿ ಒಂದು ಕಂತು ಬಿಟ್ಟು ಒಂದು ಕಂತಿನಂತೆ ಇಬ್ಬರಿಗೂ 35,000 ಕ್ಯೂಸೆಕ್ ಖಾತರಿ. ಈ ಕೋಷ್ಟಕಕ್ಕೆ ಆಧಾರ 1949ರಿಂದ 1988ರವರೆಗಿನ ಹರಿವಿನ ಸರಾಸರಿ. ಆಮೇಲಿನ ದಶಕಗಳಲ್ಲಿ ಗಂಗೆಯ ಬಯಲಿನಲ್ಲಿ ಕೊಳವೆಬಾವಿಗಳು ಹಬ್ಬಿದವು, ಹಿಮನದಿಗಳು ಸವೆದವು, ಮಳೆಯ ಲಯ ಬದಲಾಯಿತು.

ಹೊಸ ಸರಾಸರಿ ಯಾರ ಬಳಿ ಇದೆ? ಎರಡು ಸರಕಾರಗಳ ಬಳಿ. ಕೃಷ್ಣೆಯ, ಗೋದಾವರಿಯ ಹರಿವಿನ ಅಂಕಿಅಂಶಗಳನ್ನು ಯಾವ ವಿದ್ಯಾರ್ಥಿಯೂ ಕೇಂದ್ರ ಸರಕಾರದ ಜಾಲತಾಣದಲ್ಲಿ ನೋಡಬಹುದು. ಗಂಗಾ–ಬ್ರಹ್ಮಪುತ್ರ ಮತ್ತು ಸಿಂಧೂ ಕೊಳ್ಳದ್ದಾದರೆ ಅವು ಗೋಪ್ಯ ವರ್ಗಕ್ಕೆ ಸೇರಿವೆ. ಭಾರತೀಯ ಸಂಶೋಧಕರೂ ಅರ್ಜಿ ಹಾಕಿ, ಗೋಪ್ಯತೆಯ ಮುಚ್ಚಳಿಕೆ ಬರೆದುಕೊಟ್ಟು ಕಾಯಬೇಕು. ಸಿಕ್ಕರೂ ಮೂಲ ಅಂಕಿಗಳನ್ನು ಪ್ರಕಟಿಸುವಂತಿಲ್ಲ. ಹೀಗಾಗಿ ಗಂಗೆಯ ಬಗ್ಗೆ ಭಾರತದ ಪ್ರಬಂಧಗಳೂ ಬಾಂಗ್ಲಾದೇಶದ ಪ್ರಬಂಧಗಳೂ ಬೇರೆ ಬೇರೆ ನದಿಗಳ ವರದಿಯಂತಿರುತ್ತವೆ. ಇಲ್ಲಿ ಬರೆದದ್ದರಲ್ಲಿ ನೀರು ನ್ಯಾಯವಾಗಿ ಹರಿದಿರುತ್ತದೆ, ಅಲ್ಲಿ ಬರೆದದ್ದರಲ್ಲಿ ಬಾಂಗ್ಲಾದೇಶದೊಳಗಿನ ಗಂಗೆಯ ಮೇಲಿರುವ ಹಾರ್ಡಿಂಜ್ ಸೇತುವೆಯ ಕೆಳಗೆ ಮರಳು ಬೆಳೆದಿರುತ್ತದೆ. ಇಬ್ಬರ ಅಂಕಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ತಪ್ಪು ಎಲ್ಲಿದೆ ಎಂದು ಹೇಳಬಲ್ಲ ಮೂರನೆಯವನು ಇಲ್ಲ, ಇದ್ದರೂ ಅವನಿಗೆ ಅಂಕಿಗಳು ಸಿಗುವುದಿಲ್ಲ. ಜ್ಞಾನಕ್ಕೆ ನಾವು ಹಣ ಸುರಿಯುತ್ತಿಲ್ಲವೆಂದಲ್ಲ. ವಿದೇಶಿ ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳನ್ನು ದೇಶದ ಸರಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸಲು ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ 2025ರಲ್ಲಿ ಶುರುವಾಗಿದೆ. ಗಂಗೆಯ ಬಗ್ಗೆ ಬೇರೆಯವರು ಬರೆದದ್ದನ್ನು ಓದಲು ಹಣವಿದೆ, ಗಂಗೆಯ ಅಂಕಿಗಳನ್ನು ತೋರಿಸಲು ಮನಸ್ಸಿಲ್ಲ.

2026ರ ಡಿಸೆಂಬರ್ 12ಕ್ಕೆ ಆ ಒಪ್ಪಂದಕ್ಕೆ ಮೂವತ್ತು ವರ್ಷ ತುಂಬುತ್ತದೆ, ಅಲ್ಲಿಗೆ ಅವಧಿ ಮುಗಿಯುತ್ತದೆ. ಅತ್ತ 1960ರ ಸಿಂಧೂ ಜಲ ಒಪ್ಪಂದವನ್ನು ಭಾರತ 2025ರ ಏಪ್ರಿಲ್‌ನಿಂದ ಅಮಾನತಿನಲ್ಲಿಟ್ಟಿದೆ. ಈ ಸಲದ ಗಂಗಾ ಮಾತುಕತೆಯ ಹಿಂದೆ 1990ರ ದಶಕದಂತಹ ಮೂರು ರಾಜಧಾನಿಗಳ ವಿದ್ವಾಂಸರ ಗುಂಪು ಇಲ್ಲ. ವರ್ಗೀಸ್ ತೀರಿಕೊಂಡು ದಶಕ ಕಳೆದಿದೆ, ಅವರಂತೆ ಢಾಕಾದಲ್ಲಿ ನಂಬಿಕೆ ಗಳಿಸಿದ ಭಾರತೀಯನ ಹೆಸರು ಕೇಳಿದರೆ ತಟ್ಟನೆ ಹೇಳುವುದು ಕಷ್ಟ. ಸಾರ್ಕ್‌ಗೆ ಜೀವ ತುಂಬುವುದು, ಪಾಕಿಸ್ತಾನದ ಗಡಿ ತೆರೆಯುವುದು ಇವೆಲ್ಲ ದೊಡ್ಡ ಮಾತು, ಸದ್ಯಕ್ಕೆ ಆಗದ ಮಾತು. ಫರಕ್ಕಾದಲ್ಲಿಯೂ ಹಾರ್ಡಿಂಜ್ ಸೇತುವೆಯ ಬಳಿಯೂ ಎರಡು ದೇಶಗಳ ಜಂಟಿ ತಂಡ 1997ರಿಂದ ಪ್ರತಿ ಬೇಸಿಗೆಯಲ್ಲಿ ದಿನವೂ ಅಳೆದು ಬರೆದಿಟ್ಟ ಹರಿವಿನ ಕೋಷ್ಟಕಗಳಿವೆ. ಎರಡೂ ಸರಕಾರಗಳ ಕೈಯಲ್ಲಿ ಈಗಾಗಲೇ ಇರುವುದರಿಂದ ಅವುಗಳಲ್ಲಿ ಪರಸ್ಪರ ಮುಚ್ಚಿಡುವ ಗುಟ್ಟು ಯಾವುದೂ ಇಲ್ಲ. ಅವನ್ನು ಎರಡು ದೇಶಗಳ ವಿಶ್ವವಿದ್ಯಾಲಯಗಳಿಗೂ ತೆರೆದಿಡಲು ಜಂಟಿ ನದಿ ಆಯೋಗದ ಒಂದು ಸಭೆಯ ನಿರ್ಣಯ ಸಾಕು. ಒಪ್ಪಂದದ ಅವಧಿ ಮುಗಿಯುವ ಮೊದಲೇ ಅದು ಆಗಬೇಕು. ಆಮೇಲೆ ಆ ಜಂಟಿ ಅಳತೆಯೇ ಮುಂದುವರಿಯುತ್ತದೆ ಎಂಬ ಖಾತರಿ ಯಾವ ಕಾಗದದಲ್ಲೂ ಇರುವುದಿಲ್ಲ.